ಕೊಳದ ನೀರು: ಮೊದಲು ಅಳತೆ, ಆಮೇಲೆ ಔಷಧಿ

ಮನೆ, ತೋಟದ ಮನೆ, ಹೋಂಸ್ಟೇಗಳ ಈಜುಕೊಳದ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉತ್ತರಗಳಲ್ಲಿ ಪಿಪಿಎಂ ಎಂಬ ಪದ ಪದೇ ಪದೇ ಬರುತ್ತದೆ. 1000 ಲೀಟರ್ ನೀರಿನಲ್ಲಿ 1 ಗ್ರಾಂ ವಸ್ತು ಇದ್ದರೆ ಅದು 1 ಪಿಪಿಎಂ. ಇಷ್ಟು ನೆನಪಿದ್ದರೆ ಮುಂದಿನ ಲೆಕ್ಕವನ್ನೆಲ್ಲ ನೀವೇ ಹಾಕಬಹುದು.

ಹೊಸ ಮನೆಯ ಕೊಳ 25 ಅಡಿ ಉದ್ದ, 15 ಅಡಿ ಅಗಲ. ಆಳ 3 ಅಡಿಯಿಂದ 5 ಅಡಿ. ಕಟ್ಟಿದವರು ಎರಡು ಶೀಶೆಯ ಕಿಟ್ ಕೊಟ್ಟು ಹೋಗಿದ್ದಾರೆ: ಒಂದರಿಂದ ಹಳದಿ ಬರುತ್ತದೆ, ಇನ್ನೊಂದರಿಂದ ಕೆಂಪು. ಇದು ಸಾಕೇ? ಎಷ್ಟು ಕ್ಲೋರಿನ್ ಹಾಕಬೇಕು? — ಯಲಹಂಕ

ಮೊದಲು ಕೊಳದಲ್ಲಿ ನೀರೆಷ್ಟಿದೆ ಎಂದು ತಿಳಿಯಬೇಕು. ಸರಾಸರಿ ಆಳ 4 ಅಡಿ. 25 × 15 × 4 ಅಂದರೆ 1500 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್, ಒಟ್ಟು ಸುಮಾರು 42 ಸಾವಿರ ಲೀಟರ್. ಈ ಸಂಖ್ಯೆಯನ್ನು ಪಂಪ್ ಕೋಣೆಯ ಗೋಡೆ ಮೇಲೆ ಬಣ್ಣದಲ್ಲಿ ಬರೆಸಿಬಿಡಿ. ಕೊಳ ನೋಡಿಕೊಳ್ಳುವ ಹುಡುಗರು ಬದಲಾಗುತ್ತಿರುತ್ತಾರೆ, ಗೋಡೆ ಬದಲಾಗುವುದಿಲ್ಲ.

ನಿಮ್ಮ ಹಳದಿ ಶೀಶೆಯಲ್ಲಿರುವುದು ಆರ್ಥೊಟಾಲಿಡಿನ್, ಅಂಗಡಿಯವರ ಬಾಯಲ್ಲಿ ‘ಓಟಿಓ’. ಅದು ತೋರಿಸುವುದು ಒಟ್ಟು ಕ್ಲೋರಿನ್ ಮಾತ್ರ. ಕೆಲಸ ಮಾಡಬಲ್ಲ ಫ್ರೀ ಕ್ಲೋರಿನ್ ಎಷ್ಟು, ಬೆವರು–ಮೂತ್ರದ ಜೊತೆ ಸೇರಿ ಸತ್ತುಹೋದ ಕ್ಲೋರಿನ್ ಎಷ್ಟು ಎಂದು ಬಿಡಿಸಿ ಹೇಳುವ ಶಕ್ತಿ ಅದಕ್ಕಿಲ್ಲ. ಕುಡಿಯುವ ನೀರಿನ ಟ್ಯಾಂಕಿಗಾದರೆ ನಡೆಯುತ್ತದೆ, ಮಕ್ಕಳು ಇಳಿಯುವ ಕೊಳಕ್ಕೆ ಸಾಲದು. ಡಿಪಿಡಿ ಕಿಟ್ ತನ್ನಿ, ಅದರಲ್ಲಿ ಕ್ಲೋರಿನ್ ಇದ್ದರೆ ನೀರು ಗುಲಾಬಿಯಾಗುತ್ತದೆ. 1ನೇ ನಂಬರ್ ಮಾತ್ರೆ ಹಾಕಿದಾಗ ಸಿಗುವುದು ಫ್ರೀ ಕ್ಲೋರಿನ್. ಅದೇ ಟ್ಯೂಬಿಗೆ 3ನೇ ನಂಬರ್ ಹಾಕಿದರೆ ಒಟ್ಟು ಕ್ಲೋರಿನ್. ಇವೆರಡರ ವ್ಯತ್ಯಾಸವೇ ಸತ್ತ ಭಾಗ. ಕೆಂಪು ಶೀಶೆಯ ಫಿನಾಲ್ ರೆಡ್ ಪಿಎಚ್‌ಗೆ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬ ಅಳತೆಗೆ) ಬಳಸುವಂಥದ್ದು, ಅದನ್ನು ಬಿಡಬೇಡಿ. ಇವುಗಳ ಜೊತೆಗೆ ಆಲ್ಕಲಿನಿಟಿ (ಪಿಎಚ್ ಏರಿಳಿಯದಂತೆ ಹಿಡಿಯುವ ಗುಣ), ಗಡಸುತನ, ಸ್ಟೆಬಿಲೈಜರ್ (ಕ್ಲೋರಿನ್ನನ್ನು ಬಿಸಿಲಿನಿಂದ ಕಾಯುವ ವಸ್ತು) ಅಳೆಯುವ ಶೀಶೆಗಳೂ ಬೇಕು.

ಇಟ್ಟುಕೊಳ್ಳಬೇಕಾದ ಮಟ್ಟ ಹೀಗೆ. ಫ್ರೀ ಕ್ಲೋರಿನ್ 1ರಿಂದ 3 ಪಿಪಿಎಂ; ಸ್ಟೆಬಿಲೈಜರ್ ಇರುವ ನೀರಿನಲ್ಲಿ 2ಕ್ಕಿಂತ ಕೆಳಗೆ ಬೇಡ. ಪಿಎಚ್ 7.2ರಿಂದ 7.6. ಆಲ್ಕಲಿನಿಟಿ 80ರಿಂದ 120. ಕ್ಯಾಲ್ಸಿಯಂ ಗಡಸುತನ 200ರಿಂದ 400. ಸ್ಟೆಬಿಲೈಜರ್ 30ರಿಂದ 50. ಸರಿಪಡಿಸುವಾಗ ಆಲ್ಕಲಿನಿಟಿ ಮೊದಲು, ಪಿಎಚ್ ಆಮೇಲೆ, ಕ್ಲೋರಿನ್ ಕೊನೆಗೆ. ಆಲ್ಕಲಿನಿಟಿ ಕೈಗೆ ಸಿಗದಿದ್ದರೆ ಪಿಎಚ್ ಇಂದು ಕೂತು ನಾಳೆ ಏಳುತ್ತದೆ. ಪಿಎಚ್ ಏರಿದರೆ ಕ್ಲೋರಿನ್ ಮಂಕಾಗುತ್ತದೆ: ಸ್ಟೆಬಿಲೈಜರ್ ಇಲ್ಲದ ನೀರಿನಲ್ಲಿ ಪಿಎಚ್ 7.5 ಇದ್ದಾಗ ಫ್ರೀ ಕ್ಲೋರಿನ್ನಿನ ಸುಮಾರು ಅರ್ಧ ಚುರುಕಾದ ರೂಪದಲ್ಲಿರುತ್ತದೆ, 8ಕ್ಕೆ ಹೋದರೆ ಕಾಲುಭಾಗವೂ ಕಷ್ಟ.

ಇನ್ನು ಪ್ರಮಾಣ. ನಿಮ್ಮ 42 ಸಾವಿರ ಲೀಟರಿನಲ್ಲಿ ಕ್ಲೋರಿನ್ನನ್ನು 2 ಪಿಪಿಎಂ ಏರಿಸಲು 84 ಗ್ರಾಂ ಶುದ್ಧ ಕ್ಲೋರಿನ್ ಬೇಕು. ಶೇ 10ರ ಸೋಡಿಯಂ ಹೈಪೋಕ್ಲೋರೈಟ್ ದ್ರವವಾದರೆ ಸುಮಾರು 840 ಮಿಲಿ. ಶೇ 65ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹರಳಾದರೆ 130 ಗ್ರಾಂ. ಟಿಸಿಸಿಎ 90 (ಮಾತ್ರೆ, ಪುಡಿಯಾಗಿ ಸಿಗುವ ಟ್ರೈಕ್ಲೋರೋ ಐಸೋಸಯನ್ಯೂರಿಕ್ ಆಮ್ಲ, ಕ್ಲೋರಿನ್ ಶೇ 90) ಆದರೆ 93 ಗ್ರಾಂ. ಬ್ಲೀಚಿಂಗ್ ಪೌಡರ್ ಹೊಸದಾಗಿದ್ದು ಶೇ 30 ಇದ್ದರೆ 280 ಗ್ರಾಂ. ಆದರೆ ಬಾಯಿ ಬಿಚ್ಚಿದ ಚೀಲ ಒಂದು ಮಳೆಗಾಲ ಕಂಡಿದ್ದರೆ ಅದರಲ್ಲಿ ಉಳಿದಿರುವುದು ಹೆಚ್ಚಾಗಿ ಸುಣ್ಣ. ಬ್ಲೀಚಿಂಗ್ ಪೌಡರೇ ಗತಿಯಾದರೆ ಹಿಂದಿನ ರಾತ್ರಿ ಬಕೆಟ್ಟಿನಲ್ಲಿ ಕಲಸಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನು ಮಾತ್ರ ಸುರಿಯಿರಿ. ಗಸಿ ಕೊಳಕ್ಕೆ ಬಿದ್ದರೆ ಎರಡು ದಿನ ಮಜ್ಜಿಗೆ ನೀರು.

ನೀರು ತೆಗೆಯುವ ರೀತಿಯಲ್ಲೇ ಅರ್ಧ ತಪ್ಪು ಆಗುತ್ತದೆ. ಮೇಲ್ಮೈ ನೀರು ಬೇಡ. ಶೀಶೆಯನ್ನು ಬೋರಲು ಹಿಡಿದು ಮೊಳಕೈ ಮುಳುಗುವಷ್ಟು ಕೆಳಗೆ ಇಳಿಸಿ, ಅಲ್ಲಿ ತಿರುಗಿಸಿ ತುಂಬಿ. ಪಂಪಿನಿಂದ ನೀರು ಮರಳಿ ಬರುವ ಬಾಯಿಯ ಹತ್ತಿರ ಬೇಡ. ಟ್ಯೂಬನ್ನು ಕೊಳದ ನೀರಲ್ಲೇ ಮೂರು ಸಲ ತೊಳೆಯಿರಿ. ಅಲುಗಿಸುವಾಗ ಬಾಯಿಗೆ ಹೆಬ್ಬೆರಳು ಒತ್ತಬೇಡಿ, ಬೆವರು ಪಿಎಚ್ ಕೆಡಿಸುತ್ತದೆ. ಡಿಪಿಡಿ ಮಾತ್ರೆಯನ್ನು ಬೆರಳಲ್ಲಿ ಮುಟ್ಟದೆ ಹಾಳೆಯಿಂದ ನೇರ ಟ್ಯೂಬಿಗೆ ಬೀಳಿಸಿ. ಬಣ್ಣ ನೋಡುವುದು ನೆರಳಿನಲ್ಲಿ, ಹಿಂದೆ ಬಿಳಿ ಕಾಗದ ಹಿಡಿದು.

ಎರಡು ಮೋಸಗಳಿವೆ, ಗೊತ್ತಿರಲಿ. ಕ್ಲೋರಿನ್ 10 ಪಿಪಿಎಂ ದಾಟಿದಾಗ ಡಿಪಿಡಿಯ ಗುಲಾಬಿ ಬಣ್ಣವೇ ಬಿಳಿಚಿಕೊಂಡು ನೀರು ಖಾಲಿ ಕಾಣಬಹುದು. ‘ಕ್ಲೋರಿನ್ನೇ ಇಲ್ಲ’ ಎಂದು ಇನ್ನಷ್ಟು ಹಾಕುವವರು ಇಲ್ಲೇ ಎಡವುತ್ತಾರೆ. ಮಾತ್ರೆ ಬಿದ್ದ ಕ್ಷಣ ಗುಲಾಬಿ ಮಿಂಚಿ ಮಾಯವಾಯಿತೇ ನೋಡಿ. ಅನುಮಾನವಿದ್ದರೆ ಒಂದು ಪಾಲು ಕೊಳದ ನೀರಿಗೆ ನಾಲ್ಕು ಪಾಲು ಬಿಸ್ಲೇರಿ ಥರದ ಕ್ಲೋರಿನ್ ಇಲ್ಲದ ನೀರು ಬೆರೆಸಿ ಮತ್ತೆ ಪರೀಕ್ಷಿಸಿ, ಬಂದದ್ದನ್ನು ಐದರಿಂದ ಗುಣಿಸಿ. ಹಾಗೆಯೇ ಕ್ಲೋರಿನ್ ಜಾಸ್ತಿಯಿದ್ದಾಗ ಫಿನಾಲ್ ರೆಡ್ ನೇರಳೆಗೆ ತಿರುಗಿ ಪಿಎಚ್ ಎಂಟು ದಾಟಿದಂತೆ ತೋರಿಸುತ್ತದೆ. ಅದನ್ನು ನಂಬಿ ಆಸಿಡ್ ಸುರಿಯಬೇಡಿ.

ಬಳಸುವ ದಿನಗಳಲ್ಲಿ ಕ್ಲೋರಿನ್, ಪಿಎಚ್ ದಿನವೂ ನೋಡಿ. ಆಲ್ಕಲಿನಿಟಿ ವಾರಕ್ಕೊಮ್ಮೆ, ಉಳಿದೆರಡು ತಿಂಗಳಿಗೊಮ್ಮೆ ಸಾಕು. ಪರೀಕ್ಷಿಸಿದ ನೀರನ್ನು ಕೊಳಕ್ಕೆ ವಾಪಸ್ ಚೆಲ್ಲಬೇಡಿ. ಶೀಶೆಯ ದ್ರವಗಳನ್ನು ವರ್ಷಕ್ಕೊಮ್ಮೆ ಬದಲಿಸಿ.

ಕೊಳದ ಹತ್ತಿರ ಹೋದರೆ ಸಾಕು, ಕ್ಲೋರಿನ್ ವಾಸನೆ ಮೂಗಿಗೆ ಹೊಡೆಯುತ್ತದೆ, ಮಕ್ಕಳ ಕಣ್ಣು ಕೆಂಪಾಗುತ್ತದೆ. ಕ್ಲೋರಿನ್ ಹಾಕುವುದನ್ನು ವಾರ ನಿಲ್ಲಿಸಲೇ? ನೀರು ಸುಮಾರು 75 ಸಾವಿರ ಲೀಟರ್. — ಸರ್ಜಾಪುರ ರಸ್ತೆ, ಬೆಂಗಳೂರು

ನಿಲ್ಲಿಸಬೇಡಿ, ರೋಗ ಉಲ್ಟಾ ಇದೆ. ಸರಿಯಾಗಿರುವ ಕೊಳದ ನೀರಿಗೆ ಹೆಚ್ಚು ವಾಸನೆ ಇರುವುದಿಲ್ಲ. ಮೂಗಿಗೆ ಹೊಡೆಯುವುದು ಕ್ಲೋರಮೈನ್, ಅಂದರೆ ಬೆವರು, ಮೂತ್ರ, ಮೈಗೆಣ್ಣೆಯ ಸಾರಜನಕವನ್ನು ಕಟ್ಟಿಕೊಂಡು ಅರ್ಧ ದಣಿದ ಕ್ಲೋರಿನ್. ಕಣ್ಣು ಉರಿಸುವುದೂ ಅದೇ.

ಡಿಪಿಡಿಯಲ್ಲಿ ಒಟ್ಟು ಕ್ಲೋರಿನ್ ಮೈನಸ್ ಫ್ರೀ ಕ್ಲೋರಿನ್ ಲೆಕ್ಕ ಹಾಕಿ. ಅರ್ಧ ಪಿಪಿಎಂ ದಾಟಿದ್ದರೆ ಒಂದೇ ಸಲಕ್ಕೆ ದೊಡ್ಡ ಪೆಟ್ಟು ಕೊಡಬೇಕು. ಲೆಕ್ಕ ಸುಲಭ: ವ್ಯತ್ಯಾಸದ ಹತ್ತು ಪಟ್ಟು. ನಿಮ್ಮಲ್ಲಿ 1 ಪಿಪಿಎಂ ಇದೆ ಎಂದುಕೊಂಡರೆ ಏರಿಸಬೇಕಾದ್ದು 10 ಪಿಪಿಎಂ, ಅಂದರೆ 750 ಗ್ರಾಂ ಶುದ್ಧ ಕ್ಲೋರಿನ್. ಶೇ 65ರ ಹರಳಿನಲ್ಲಿ 1150 ಗ್ರಾಂ ಹತ್ತಿರ. ಇಂದು ಕಾಲು ಕೆಜಿ, ನಾಳೆ ಕಾಲು ಕೆಜಿ ಎಂದು ಕಂತಿನಲ್ಲಿ ಹಾಕಿದರೆ ಕ್ಲೋರಮೈನ್ ಒಡೆಯುವುದಿಲ್ಲ, ಹೆಚ್ಚುತ್ತದೆ.

ಮೊದಲು ಪಿಎಚ್ 7.2ರಿಂದ 7.4ಕ್ಕೆ ತನ್ನಿ. ಸೂರ್ಯ ಮುಳುಗಿದ ಮೇಲೆ, ಪಂಪ್ ಓಡುತ್ತಿರುವಾಗ, ಬಕೆಟ್ ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಕರಗಿಸಿ ಅಂಚಿನ ಸುತ್ತ ನಡೆಯುತ್ತಾ ಸುರಿಯಿರಿ. ಹೊದಿಕೆ ಇದ್ದರೆ ತೆಗೆದಿಡಿ, ಅನಿಲ ಹೊರಗೆ ಹೋಗಬೇಕು. ಪಂಪ್ ರಾತ್ರಿಯಿಡೀ ಓಡಲಿ. ಬೆಳಿಗ್ಗೆ ಅಳೆದು, ಫ್ರೀ ಕ್ಲೋರಿನ್ 4ಕ್ಕಿಂತ ಕೆಳಗಿಳಿದ ಮೇಲಷ್ಟೇ ಇಳಿಯಿರಿ.

ಇಳಿಯುವ ಮುನ್ನ ಸೋಪು ಹಾಕಿ ಸ್ನಾನ ಮಾಡಿಸುವ ನಿಯಮವನ್ನು ಗೇಟೆಡ್ ಬಡಾವಣೆಯವರು ಬೋರ್ಡಿನಲ್ಲಿ ಬರೆದು ಮರೆಯುತ್ತಾರೆ. ಒಂದು ಷವರ್ ಉಳಿಸುವಷ್ಟು ಕ್ಲೋರಿನ್ನನ್ನು ಯಾವ ಡಬ್ಬವೂ ಕೊಡುವುದಿಲ್ಲ.

ತೋಟದ ಮನೆಯ 60 ಸಾವಿರ ಲೀಟರ್ ಕೊಳಕ್ಕೆ ಬೋರ್‌ವೆಲ್ ನೀರು ತುಂಬಿಸಿದೆವು. ತುಂಬಿದಾಗ ತಿಳಿಯಾಗಿತ್ತು. ಕ್ಲೋರಿನ್ ಹಾಕಿದ ಅರ್ಧ ಗಂಟೆಯಲ್ಲಿ ಚಹಾದ ಬಣ್ಣ ಬಂತು. ಈಗ ಟೈಲ್ಸ್ ಮೇಲೆ ಬಿಳಿ ಪೊರೆ ಕಟ್ಟುತ್ತಿದೆ. ಗಡಸುತನ 550, ಆಲ್ಕಲಿನಿಟಿ 340, ಪಿಎಚ್ 8.2. — ತುಮಕೂರು

ಎರಡು ಬೇರೆ ಬೇರೆ ತೊಂದರೆ ಒಟ್ಟಿಗೆ ಬಂದಿವೆ.

ಚಹಾ ಬಣ್ಣ ಕಬ್ಬಿಣದ್ದು. ನೆಲದಾಳದಲ್ಲಿ ಅದು ಕರಗಿ ಕಣ್ಣಿಗೆ ಕಾಣದಂತಿರುತ್ತದೆ. ಕ್ಲೋರಿನ್ ತಾಗಿದೊಡನೆ ತುಕ್ಕಾಗಿ ಹೊರಬೀಳುತ್ತದೆ. ಕ್ಲೋರಿನ್ ಕೆಟ್ಟದ್ದೇನೂ ಅಲ್ಲ. ಹೊರಬಿದ್ದ ತುಕ್ಕನ್ನು ತೆಗೆಯಲು ಪಟಿಕ ಸಾಕು: 1000 ಲೀಟರಿಗೆ 40ರಿಂದ 50 ಗ್ರಾಂ, ನಿಮಗೆ ಎರಡೂವರೆಯಿಂದ ಮೂರು ಕೆಜಿ. ಬಕೆಟ್ಟಿನಲ್ಲಿ ಕರಗಿಸಿ ಸುತ್ತ ಹರಡಿ, ಒಂದೆರಡು ಗಂಟೆ ಫಿಲ್ಟರ್ ಬೈಪಾಸ್ ಮಾಡಿ ಪಂಪ್ ಓಡಿಸಿ. ಆಮೇಲೆ ಪಂಪ್ ನಿಲ್ಲಿಸಿ ರಾತ್ರಿಯೆಲ್ಲ ಅಲ್ಲಾಡಿಸದೆ ಬಿಡಿ. ಬೆಳಿಗ್ಗೆ ತಳದಲ್ಲಿ ಕಂದು ಕೆನೆಯಂತೆ ಕೂತಿರುತ್ತದೆ. ಅದನ್ನು ವ್ಯಾಕ್ಯೂಮಿನಿಂದ ಎಳೆಯುವಾಗ, ಫಿಲ್ಟರಿನಲ್ಲಿ ನೀರಿನ ದಾರಿ ಬದಲಿಸುವ ಮಲ್ಟಿಪೋರ್ಟ್ ವಾಲ್ವ್ ‘ವೇಸ್ಟ್’ ಸ್ಥಾನದಲ್ಲಿರಬೇಕು. ‘ಫಿಲ್ಟರ್’ನಲ್ಲಿ ಬಿಟ್ಟರೆ ಆ ಅಂಟು ಫಿಲ್ಟರಿನೊಳಗಿನ ಮರಳನ್ನು ಹೆಪ್ಪುಗಟ್ಟಿಸುತ್ತದೆ. ವಾಲ್ವಿನ ಹಿಡಿ ತಿರುಗಿಸುವ ಮೊದಲು ಪಂಪ್ ಆಫ್ ಆಗಿರಲೇಬೇಕು. ಓಡುತ್ತಿರುವಾಗ ತಿರುಗಿಸಿದರೆ ಒಳಗಿನ ಗ್ಯಾಸ್ಕೆಟ್ ಕಿತ್ತು ಬರುತ್ತದೆ.

ಬಿಳಿ ಪೊರೆ ಸುಣ್ಣದ್ದು. ಕ್ಯಾಲ್ಸಿಯಂ, ಆಲ್ಕಲಿನಿಟಿ, ಪಿಎಚ್ ಮೂರೂ ಮೇಲಿದ್ದಾಗ ನೀರು ಅದನ್ನು ಹಿಡಿದಿಟ್ಟುಕೊಳ್ಳಲಾರದು. ಬಿಸಿಲೇರಿದಂತೆ ನೀರಿನ ಅಂಚಿನಲ್ಲಿ, ಹೀಟರ್ ಇದ್ದರೆ ಅದರ ಒಳಗೆ, ಪಾತ್ರೆಯ ತಳದಲ್ಲಿ ಕಟ್ಟುವಂತೆಯೇ ಕಟ್ಟುತ್ತದೆ.

ಆಲ್ಕಲಿನಿಟಿ ಇಳಿಸಲು ಶೇ 33ರ ಹೈಡ್ರೋಕ್ಲೋರಿಕ್ ಆಸಿಡ್. ನಿಮ್ಮ ಕೊಳದಲ್ಲಿ 10 ಪಿಪಿಎಂ ಇಳಿಸಲು ಸುಮಾರು 1.15 ಲೀಟರ್ ಬೇಕು. 340ರಿಂದ 100ಕ್ಕೆ ತರಲು 27–28 ಲೀಟರ್! ಒಂದೇ ದಿನ ಸುರಿದರೆ ಪಿಎಚ್ ಪಾತಾಳಕ್ಕೆ ಹೋಗಿ ಪಂಪಿನ ಲೋಹ, ಗ್ರೌಟ್ ತಿನ್ನುತ್ತದೆ. ದಿನಕ್ಕೆ ಎರಡು ಲೀಟರ್, ಮರುದಿನ ಅಳೆದು ಮತ್ತೆ ಎರಡು. ಪಿಎಚ್ 7ರ ಹತ್ತಿರ ಬಂದರೆ ಆ ದಿನ ಬಿಡಿ. ನೀರು ಮರಳುವ ಬಾಯಿಯನ್ನು ಮೇಲ್ಮುಖವಾಗಿ ತಿರುಗಿಸಿ ಮೇಲ್ಮೈ ಕುದಿಯುವಂತೆ ಮಾಡಿದರೆ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ತಾನೇ ಏರುತ್ತದೆ, ಆಲ್ಕಲಿನಿಟಿ ಕೆಳಗೇ ಉಳಿಯುತ್ತದೆ. ಎರಡು ವಾರದ ಕೆಲಸ. ಗಡಸು ನೀರಿನವರು ಆಲ್ಕಲಿನಿಟಿ 80, ಪಿಎಚ್ 7.2–7.4ರ ಸುತ್ತ ಇಟ್ಟುಕೊಂಡರೆ ಪೊರೆ ಕಟ್ಟುವುದು ಬಹಳ ಕಡಿಮೆಯಾಗುತ್ತದೆ.

ಆಸಿಡ್ ಗಡಸುತನವನ್ನು ಇಳಿಸುವುದಿಲ್ಲ. ಅದಕ್ಕೆ ಇರುವ ದಾರಿ ನೀರು ಬೆರೆಸುವುದೊಂದೇ. ಚಾವಣಿಯ ಮಳೆ ನೀರಿಗೆ ಗಡಸುತನ ಇಲ್ಲವೆನ್ನುವಷ್ಟು ಕಡಿಮೆ. ಅರ್ಧಕ್ಕರ್ಧ ಬೆರೆಸಿದರೆ ನಿಮ್ಮ 550 ಸುಮಾರು 275 ಆಗುತ್ತದೆ. ತೋಟದ ಮನೆಯಲ್ಲಿ ಸಂಪು ಇದ್ದರೆ ಮೊದಲ ಎರಡು ಮಳೆಯ ನೀರು ಹೊರಬಿಟ್ಟು ನಂತರದ್ದನ್ನು ಹಿಡಿಯಿರಿ. ಕ್ಲೋರಿನ್ನಿಗೆ ಇನ್ನು ಮುಂದೆ ಸೋಡಿಯಂ ಹೈಪೋಕ್ಲೋರೈಟ್ ದ್ರವವನ್ನೇ ಬಳಸಿ. ಕ್ಯಾಲ್ಸಿಯಂ ಹರಳು, ಬ್ಲೀಚಿಂಗ್ ಪೌಡರ್ ಎರಡೂ ಗಾಯದ ಮೇಲೆ ಬರೆ.

ಹೋಂಸ್ಟೇ ಕೊಳ, 50 ಸಾವಿರ ಲೀಟರ್. ಜುಲೈ ಬಂದರೆ ಪಿಎಚ್ 6.8ಕ್ಕೆ ಇಳಿಯುತ್ತದೆ. ಸೋಡಾ ಆ್ಯಶ್ ಹಾಕಿದರೆ ಏರಿ ಎರಡೇ ದಿನಕ್ಕೆ ಮತ್ತೆ ಇಳಿಯುತ್ತದೆ. ಪ್ಲಾಸ್ಟರ್ ಕೈಗೆ ಒರಟೊರಟಾಗಿ ತಾಗುತ್ತಿದೆ. ಆಲ್ಕಲಿನಿಟಿ 30, ಗಡಸುತನ 40. ಟಿಸಿಸಿಎ ಮಾತ್ರೆ ಬಳಸುತ್ತೇವೆ. — ಮಡಿಕೇರಿ

ತುಮಕೂರಿನವರಿಗೆ ಹೇಳಿದ್ದನ್ನೆಲ್ಲ ತಿರುಗಿಸಿ ಓದಿಕೊಳ್ಳಿ.

ಮಳೆ ನೀರು ಸ್ವಲ್ಪ ಹುಳಿ, ಅದರಲ್ಲಿ ಆಲ್ಕಲಿನಿಟಿ ಇಲ್ಲ. ಸರಾಸರಿ ಆಳ 1.25 ಮೀಟರ್ ಇರುವ ಕೊಳದ ಮೇಲೆ 100 ಮಿಲಿಮೀಟರ್ ಮಳೆ ಬಿದ್ದು ಅಷ್ಟೇ ನೀರು ತುಂಬಿ ಹರಿದರೆ ಸುಮಾರು ಶೇ 8ರಷ್ಟು ಕೊಳದ ನೀರು ಬದಲಾದಂತೆ. ನಿಮ್ಮಲ್ಲಿ ಜುಲೈನಲ್ಲಿ ಅದು ಒಂದು ದಿನದ ಮಳೆ ಆಗಬಹುದು. ಅದರ ಮೇಲೆ ಟಿಸಿಸಿಎ ಕೂಡ ಆಮ್ಲೀಯ. ನೀರಿಗೆ ಬೇಕಾದ ಕ್ಯಾಲ್ಸಿಯಂ ಬೇರೆಲ್ಲೂ ಸಿಗದೆ ನಿಮ್ಮ ಪ್ಲಾಸ್ಟರನ್ನೇ ಕರಗಿಸಿಕೊಳ್ಳುತ್ತಿದೆ.

ಸೋಡಾ ಆ್ಯಶ್ ಪಿಎಚ್ಚನ್ನು ಎತ್ತುತ್ತದೆ, ಆದರೆ ಅದನ್ನು ಹಿಡಿದು ನಿಲ್ಲಿಸುವುದು ಆಲ್ಕಲಿನಿಟಿ. ಆದ್ದರಿಂದ ಮೊದಲು ಅಡುಗೆ ಸೋಡಾ, ಅಂದರೆ ಸೋಡಿಯಂ ಬೈಕಾರ್ಬೊನೇಟ್. 50 ಸಾವಿರ ಲೀಟರಿಗೆ 10 ಪಿಪಿಎಂ ಏರಿಸಲು 840 ಗ್ರಾಂ. 30ರಿಂದ 90ಕ್ಕೆ 5 ಕೆಜಿ. ಇಂದು ಎರಡೂವರೆ, ನಾಳೆ ಅಳೆದು ಉಳಿದದ್ದು. ಸಗಟು ಅಂಗಡಿಯ ಚೀಲದ ಸೋಡಾ ಸಾಕು. ‘ಆಲ್ಕಲಿನಿಟಿ ಪ್ಲಸ್’ ಎಂದು ಬರೆದ ಡಬ್ಬದಲ್ಲೂ ಸಾಮಾನ್ಯವಾಗಿ ಇದೇ ಇರುತ್ತದೆ, ಬೆಲೆ ಮಾತ್ರ ಬೇರೆ. ಬೇಕಿಂಗ್ ಪೌಡರ್ ತರಬೇಡಿ, ಅದರಲ್ಲಿ ಪಿಷ್ಟವೂ ಆಮ್ಲವೂ ಸೇರಿರುತ್ತವೆ.

ಗಡಸುತನ ಏರಿಸಲು ಕ್ಯಾಲ್ಸಿಯಂ ಕ್ಲೋರೈಡ್ ಹಾಕುವುದನ್ನು ಎರಡು ದಿನ ಬಿಟ್ಟು ಮಾಡಿ. ಸೋಡಾ ಹಾಕಿದ ದಿನವೇ ಹಾಕಿದರೆ ಎರಡೂ ಸೇರಿ ಬಿಳಿ ಮೋಡ ಏಳುತ್ತದೆ. ಅಂಗಡಿಯಲ್ಲಿ ಸಿಗುವ ಡೈಹೈಡ್ರೇಟ್ ಹರಳಾದರೆ 100 ಪಿಪಿಎಂ ಏರಿಸಲು ನಿಮಗೆ ಸುಮಾರು 7.3 ಕೆಜಿ. ಕರಗುವಾಗ ಬಕೆಟ್ ಚೆನ್ನಾಗಿ ಬಿಸಿಯಾಗುತ್ತದೆ: ನೀರು ಮೊದಲು, ಹರಳು ಆಮೇಲೆ, ಒಂದು ಸಲಕ್ಕೆ ಒಂದು ಕೆಜಿಗಿಂತ ಹೆಚ್ಚಿಲ್ಲ. ಮಾತ್ರೆ ಬಿಟ್ಟು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹರಳಿಗೆ ಬನ್ನಿ. ಕ್ಲೋರಿನ್ನೂ ಸಿಗುತ್ತದೆ, ಕ್ಯಾಲ್ಸಿಯಮ್ಮೂ ಸಿಗುತ್ತದೆ, ಪಿಎಚ್ಚನ್ನೂ ಅದು ಇಳಿಸುವುದಿಲ್ಲ. ಆದರೆ ಮಾತ್ರೆ ಹಾಕುತ್ತಿದ್ದ ಫ್ಲೋಟರ್ ಅಥವಾ ಫೀಡರಿಗೆ ಈ ಹರಳನ್ನು ಹಾಕಬಾರದು. ಏಕೆಂದು ಕೆಳಗೆ ಮಂಗಳೂರಿನ ಪತ್ರಕ್ಕೆ ಕೊಟ್ಟ ಉತ್ತರ ನೋಡಿ.

ಕಿಟ್ಟಿನಲ್ಲಿ ಕ್ಲೋರಿನ್ 3 ಪಿಪಿಎಂ ತೋರಿಸುತ್ತದೆ, ಪಿಎಚ್ 7.4. ಆದರೂ ಗೋಡೆ ಹಸಿರು. ಎರಡು ವರ್ಷದಿಂದ ಟಿಸಿಸಿಎ ಮಾತ್ರೆಯೇ ಬಳಸುತ್ತಿದ್ದೇವೆ. ನೀರು ಪೂರ್ತಿ ಬದಲಿಸಿಲ್ಲ. — ಬಳ್ಳಾರಿ

ಸ್ಟೆಬಿಲೈಜರ್ ಎಂದರೆ ಸಯನ್ಯೂರಿಕ್ ಆಮ್ಲ. ಅದು ಬೇಕು: ಅದಿಲ್ಲದಿದ್ದರೆ ಮಧ್ಯಾಹ್ನದ ಬಿಸಿಲಿಗೆ ನೀರಿನ ಫ್ರೀ ಕ್ಲೋರಿನ್ ಒಂದು ಗಂಟೆಯೊಳಗೇ ಅರ್ಧಕ್ಕೆ ಇಳಿಯುತ್ತದೆ. ಸ್ಟೆಬಿಲೈಜರ್ ಕ್ಲೋರಿನ್ನನ್ನು ಹಿಡಿದುಕೊಂಡು ಬಿಸಿಲಿನಿಂದ ಕಾಯುತ್ತದೆ. ಹಿಡಿತ ಬಿಗಿಯಾದರೆ ಕ್ಲೋರಿನ್ ಪಾಚಿಯ ಮೇಲೆ ಕೈಯೆತ್ತಲೂ ಆಗದು.

ಟಿಸಿಸಿಎ ಮಾತ್ರೆಯ ಗುಟ್ಟು ಇಲ್ಲಿದೆ. ಅದು ಪ್ರತಿ 1 ಪಿಪಿಎಂ ಕ್ಲೋರಿನ್ ಕೊಡುವಾಗ ಜೊತೆಗೆ 0.6 ಪಿಪಿಎಂ ಸ್ಟೆಬಿಲೈಜರನ್ನೂ ಬಿಟ್ಟು ಹೋಗುತ್ತದೆ. ಕ್ಲೋರಿನ್ ದಿನವೂ ಖರ್ಚಾಗುತ್ತದೆ, ಸ್ಟೆಬಿಲೈಜರ್ ಖರ್ಚಾಗುವುದಿಲ್ಲವೆಂದೇ ಹೇಳಬೇಕು. ನೀರು ಆವಿಯಾದರೂ ಅದು ಉಳಿಯುತ್ತದೆ. ದಿನಕ್ಕೆ 2 ಪಿಪಿಎಂ ಲೆಕ್ಕದಲ್ಲಿ ತಿಂಗಳಿಗೆ 36. ಮಳೆ ಕಡಿಮೆ, ಫಿಲ್ಟರಿಗೆ ನೀರು ಹಿಮ್ಮುಖ ಹರಿಸಿ ತೊಳೆಯುವ ಬ್ಯಾಕ್‌ವಾಶ್ ಕಡಿಮೆ ಇರುವ ಬಳ್ಳಾರಿಯಂಥ ಊರಿನಲ್ಲಿ ಮೂರು ತಿಂಗಳಿಗೇ ನೂರು ದಾಟುತ್ತದೆ. ನಿಮ್ಮದು ಎರಡು ವರ್ಷ.

ಅಳೆಯುವುದು ಹೀಗೆ. ಕೊಳದ ನೀರಿಗೆ ಮೆಲಮೈನ್ ದ್ರಾವಣ ಬೆರೆಸಿದರೆ ಹಾಲಿನಂತಾಗುತ್ತದೆ. ಅದನ್ನು ತಳದಲ್ಲಿ ಕಪ್ಪು ಚುಕ್ಕೆಯಿರುವ ಟ್ಯೂಬಿಗೆ ಮೇಲಿನಿಂದ ನೋಡುತ್ತಾ ನಿಧಾನ ಸುರಿಯಬೇಕು. ಚುಕ್ಕೆ ಮರೆಯಾದ ಗೆರೆಯೇ ಉತ್ತರ. ಹೊರಗೆ ಹಗಲಲ್ಲಿ, ಸೂರ್ಯನಿಗೆ ಬೆನ್ನು ಹಾಕಿ, ಟ್ಯೂಬನ್ನು ಸೊಂಟದ ಮಟ್ಟದಲ್ಲಿ ಹಿಡಿಯಿರಿ. ಕಣ್ಣು ಕಿರಿದು ಮಾಡಿ ಚುಕ್ಕೆ ಹುಡುಕಬೇಡಿ, ಒಮ್ಮೆ ನೋಡಿ ಕಾಣದಿದ್ದರೆ ಮುಗಿಯಿತು. ಗೆರೆ 100ರಲ್ಲೇ ನಿಂತರೆ ಅದು ನೂರೇ ಎಂದಲ್ಲ. ನಲ್ಲಿ ನೀರು ಅರ್ಧಕ್ಕರ್ಧ ಬೆರೆಸಿ ಮತ್ತೆ ನೋಡಿ, ಬಂದದ್ದನ್ನು ಎರಡರಿಂದ ಗುಣಿಸಿ.

ಅಂದಾಜಿಗೆ, ಪಾಚಿ ಬಾರದಿರಲು ಫ್ರೀ ಕ್ಲೋರಿನ್ ಸ್ಟೆಬಿಲೈಜರಿನ ಶೇ 7–8ರಷ್ಟಾದರೂ ಇರಬೇಕು. 40 ಇದ್ದರೆ 3 ಸಾಕು. 150 ಇದ್ದರೆ 11 ಬೇಕು, ಅಷ್ಟನ್ನು ಮನೆಯ ಕೊಳದಲ್ಲಿ ನಿತ್ಯ ಇಡುವುದು ತರವಲ್ಲ. ಪರಿಹಾರ ನೀರು ತೆಗೆಯುವುದು. 150ರಿಂದ 50ಕ್ಕೆ ತರಲು ಮೂರನೇ ಎರಡು ಭಾಗ ನೀರು ಹೋಗಬೇಕು. ಅರ್ಧ ಖಾಲಿ ಮಾಡಿ ತುಂಬಿಸಿದರೆ 75, ಮತ್ತೆ ಮೂರನೇ ಒಂದು ಭಾಗ ಬದಲಿಸಿದರೆ 50. ಒಮ್ಮೆಗೇ ಪೂರ್ತಿ ಖಾಲಿ ಮಾಡಬೇಡಿ. ಅಂತರ್ಜಲ ಮೇಲಿರುವ ಜಾಗಗಳಲ್ಲಿ, ಅದರಲ್ಲೂ ಕರಾವಳಿಯ ಮಳೆಗಾಲದಲ್ಲಿ, ಖಾಲಿ ಕೊಳ ದೋಣಿಯಂತೆ ಮೇಲೆದ್ದು ಬಿರಿದುಬಿಡುತ್ತದೆ.

ನೀರು ಬದಲಾದ ಮೇಲೆ ಪಾಚಿಗೆ ಮದ್ದು. ಗೋಡೆಯನ್ನು ಬ್ರಷ್ಷಿನಿಂದ ಉಜ್ಜಿ, ಕ್ಲೋರಿನ್ನನ್ನು ಹೈಪೋಕ್ಲೋರೈಟ್ ದ್ರವದಿಂದ 15–20 ಪಿಪಿಎಂಗೆ ಏರಿಸಿ, ಇಳಿದಂತೆ ಮತ್ತೆ ಏರಿಸುತ್ತಾ ಇರಿ. ಸಂಜೆ ಕತ್ತಲಾದ ಮೇಲಿನ ಅಳತೆಗೂ ಬಿಸಿಲು ಬರುವ ಮೊದಲಿನ ಅಳತೆಗೂ 1 ಪಿಪಿಎಂಗಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲವೆಂದರೆ ಪಾಚಿ ಸತ್ತಿದೆ. ಅಲ್ಲಿಯವರೆಗೆ ಯಾರೂ ಇಳಿಯಕೂಡದು. ಫಿಲ್ಟರಿನ ಒತ್ತಡ ಮಾಮೂಲಿಗಿಂತ 8–10 ಪಿಎಸ್‌ಐ ಏರಿದಾಗಲೆಲ್ಲ ಬ್ಯಾಕ್‌ವಾಶ್ ಮಾಡಿ.

ಮೈಲುತುತ್ತ ಹಾಕಿದರೆ ಪಾಚಿ ಬರುವುದಿಲ್ಲವೆನ್ನುತ್ತಾರೆ. ನಿಜವೇ? — ಶಿವಮೊಗ್ಗ

ಬರುವುದಿಲ್ಲ, ಸರಿ. ಬದಲಿಗೆ ಗೋಡೆಗೆ ನೀಲಿ–ಹಸಿರು ಕಲೆ ಬರುತ್ತದೆ, ನರೆತ ಕೂದಲಿಗೆ ಹಸಿರು ಬರುತ್ತದೆ. ಕೂದಲು ಹಸಿರಾಗುವುದು ಕ್ಲೋರಿನ್ನಿನಿಂದ ಎಂಬ ಮಾತು ತಪ್ಪು, ಅದು ತಾಮ್ರದ್ದು. ಮೈಲುತುತ್ತ ಅಡಿಕೆ ತೋಟದ ಬೋರ್ಡೊ ದ್ರಾವಣಕ್ಕೇ ಇರಲಿ.

ವರ್ಷಕ್ಕೆ ಎಷ್ಟು ಸಲ ನೀರು ಬದಲಿಸಬೇಕು? — ಜೆ.ಪಿ. ನಗರ, ಬೆಂಗಳೂರು

ಕ್ಯಾಲೆಂಡರ್ ನೋಡಿ ಬದಲಿಸುವ ಅಗತ್ಯವಿಲ್ಲ. ಸ್ಟೆಬಿಲೈಜರ್ ನೂರರ ಹತ್ತಿರ ಹೋದಾಗ, ಗಡಸುತನ ಕೈಮೀರಿದಾಗ ಒಂದು ಭಾಗ ಬದಲಿಸಿದರೆ ಸಾಕು. ಗಂಟೆಗೆ 10 ಸಾವಿರ ಲೀಟರ್ ಎಳೆಯುವ ಪಂಪಿನಲ್ಲಿ ಮೂರು ನಿಮಿಷದ ಬ್ಯಾಕ್‌ವಾಶ್‌ಗೆ 500 ಲೀಟರ್ ಹೋಗುತ್ತದೆ, ಅದೇ ನಿಮ್ಮ ಸಣ್ಣ ಕಂತು. 2024ರ ಮಾರ್ಚ್‌ನ ಬರದಲ್ಲಿ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಹೇಳಿತ್ತು. ಸರಿಯಾಗಿ ನೋಡಿಕೊಂಡ ನೀರು ವರ್ಷಗಟ್ಟಲೆ ಬಾಳುತ್ತದೆ.

ಕೇರಳದ ಅಮೀಬಾ ಸುದ್ದಿ ಓದಿ ಮಕ್ಕಳನ್ನು ಕೊಳಕ್ಕೆ ಇಳಿಸಲು ಭಯವಾಗುತ್ತಿದೆ. — ಕಾಸರಗೋಡು

2024ರಲ್ಲಿ ಮತ್ತು 2025ರಲ್ಲಿ ಕೇರಳದಲ್ಲಿ ಮೆದುಳು ಜ್ವರದ ಆ ಪ್ರಕರಣಗಳು ಆದದ್ದು ನಿಜ. ನೆಗ್ಲೇರಿಯಾ ಫೌಲೇರಿ ಎಂಬ ಅಮೀಬಾ ಬೆಚ್ಚಗಿನ ಸಿಹಿನೀರಿನಲ್ಲಿ ಬೆಳೆಯುತ್ತದೆ, ಮೂಗಿನೊಳಗೆ ನೀರು ನುಗ್ಗಿದಾಗ ಮೆದುಳಿಗೆ ಹೋಗುತ್ತದೆ. ಕುಡಿದರೆ ಬರುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಕ್ಲೋರಿನ್ ಅದನ್ನು ಕೊಲ್ಲುತ್ತದೆ. ಕೊಳದ ಎಲ್ಲ ಮೂಲೆಯಲ್ಲಿ, ಎಲ್ಲ ಹೊತ್ತಿನಲ್ಲಿ ಅದು ಇರಬೇಕು ಅಷ್ಟೆ. ವಾರದ ಕೊನೆಗೆ ನೆಂಟರು ಬರುತ್ತಾರೆಂದು ಶುಕ್ರವಾರ ರಾತ್ರಿ ಒಂದು ಹಿಡಿ ಹಾಕುವ ಕೊಳ ಸುರಕ್ಷಿತವಲ್ಲ. ಏಣಿಯ ಹಿಂಬದಿ, ಮೆಟ್ಟಿಲ ಸಂದು, ದೀಪದ ಗೂಡುಗಳಲ್ಲಿ ಕಟ್ಟುವ ಲೋಳೆಯನ್ನು ವಾರಕ್ಕೊಮ್ಮೆ ಉಜ್ಜಿ, ಏಕೆಂದರೆ ಅದರೊಳಗೆ ಕ್ಲೋರಿನ್ ಹೋಗುವುದಿಲ್ಲ. ಹಳೆಯ ಕೆರೆ, ಕಲ್ಲುಕ್ವಾರಿ, ಕ್ಲೋರಿನ್ ಹಾಕದ ಟಬ್ಬುಗಳಲ್ಲಿ ಮೂಗು ಮುಳುಗಿಸುವ ಆಟ ಬೇಡ. ಈಜಿದ ಕೆಲ ದಿನಗಳಲ್ಲಿ ಜ್ವರ, ತಡೆಯಲಾರದ ತಲೆನೋವು, ವಾಂತಿ, ಕುತ್ತಿಗೆ ಬಿಗಿತ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ, ಎಲ್ಲಿ ಈಜಿದ್ದು ಎಂದು ವೈದ್ಯರಿಗೆ ಕೇಳುವ ಮೊದಲೇ ಹೇಳಿ.

ತಾರಸಿಯಲ್ಲಿ ಮಕ್ಕಳಿಗೆ 10 ಅಡಿ ವ್ಯಾಸದ ಗಾಳಿ ತುಂಬುವ ಕೊಳ ಇಟ್ಟಿದ್ದೇವೆ, ನೀರು 2 ಅಡಿ. ಫಿಲ್ಟರ್ ಇಲ್ಲ. ಎಷ್ಟು ಕ್ಲೋರಿನ್? — ದಾವಣಗೆರೆ

ಕ್ಲೋರಿನ್ ಆಮೇಲೆ. ಮೊದಲು ಅದನ್ನು ತಾರಸಿಯಿಂದ ಇಳಿಸಿ. ನಿಮ್ಮ ಕೊಳದಲ್ಲಿ ಸುಮಾರು 4,400 ಲೀಟರ್, ಅಂದರೆ ನಾಲ್ಕೂವರೆ ಟನ್ ಹತ್ತಿರ ಭಾರವಿದೆ. ಚದರ ಮೀಟರಿಗೆ 600 ಕೆಜಿ ದಾಟುತ್ತದೆ. ಓಡಾಡುವ ತಾರಸಿಗೆ ಭಾರತೀಯ ಮಾನಕ ಐಎಸ್ 875 ಹಿಡಿಯುವ ಲೆಕ್ಕ ಚದರ ಮೀಟರಿಗೆ ಸುಮಾರು 150 ಕೆಜಿ. ಅರ್ಧ ಅಡಿ ನೀರಿಗೇ ಅದು ಮುಗಿಯಿತು.

ನೆಲಕ್ಕೆ ಇಳಿಸಿದ ಮೇಲೆ ಶೇ 10ರ ಹೈಪೋಕ್ಲೋರೈಟ್ ದ್ರವ 90 ಮಿಲಿ ಹಾಕಿದರೆ 2 ಪಿಪಿಎಂ. ಸುವಾಸನೆ, ಸೋಪು ಬೆರೆತ ಬ್ಲೀಚ್ ಬೇಡ. ದಿನವೂ ಅಳೆಯಿರಿ, ಎರಡು ಮೂರು ದಿನಕ್ಕೆ ನೀರು ಚೆಲ್ಲಿ ಉಜ್ಜಿ ಒಣಗಿಸಿ. ವಾರ ಬಿಟ್ಟರೆ ಡೆಂಗಿ ಸೊಳ್ಳೆಗೆ ತೊಟ್ಟಿಲು ಕಟ್ಟಿದಂತೆ.

ಟಿಸಿಸಿಎ ಪುಡಿ ತೆಗೆದ ಮಗ್ಗಿನಲ್ಲೇ ಕೆಲಸದವರು ಬ್ಲೀಚಿಂಗ್ ಪೌಡರ್ ತೆಗೆದರು. ಬುಸುಗುಟ್ಟಿ ಹಳದಿ ಹೊಗೆ ಎದ್ದಿತು. ಎರಡೂ ಕ್ಲೋರಿನ್ನೇ ಅಲ್ಲವೇ? — ಮಂಗಳೂರು

ಎರಡೂ ಕ್ಲೋರಿನ್ ಕೊಡುತ್ತವೆ, ಆದರೆ ಎರಡೂ ಒಂದೇ ಅಲ್ಲ. ಒಂದು ಆಮ್ಲೀಯ, ಇನ್ನೊಂದು ಕ್ಷಾರೀಯ. ಸ್ವಲ್ಪ ತೇವದೊಡನೆ ಇವು ಸೇರಿದರೆ ಕ್ಲೋರಿನ್ ಅನಿಲವೂ, ಸಿಡಿಯಬಲ್ಲ ನೈಟ್ರೋಜನ್ ಟ್ರೈಕ್ಲೋರೈಡೂ ಹುಟ್ಟುತ್ತವೆ, ಬೆಂಕಿಯೂ ಹೊತ್ತಬಹುದು. ಮುಚ್ಚಿದ ಫೀಡರಿನೊಳಗೆ ಇದೇ ಆದರೆ ಬಾಂಬು. ಮಡಿಕೇರಿಯವರಿಗೆ ಹೇಳಿದ ಎಚ್ಚರಿಕೆ ಇದಕ್ಕೇ. ನಿಮ್ಮ ಊರಿನ ಮಳೆಗಾಲದ ಗಾಳಿಯ ತೇವವೇ ಈ ಕೆಲಸಕ್ಕೆ ಸಾಕಾಗಬಹುದು.

ಹೊಗೆ ಎದ್ದರೆ ಪಾತ್ರೆ ಎತ್ತಿಕೊಂಡು ಓಡಬೇಡಿ, ಮುಚ್ಚಳ ಹಾಕಬೇಡಿ, ಮೇಲೆ ಚೊಂಬು ನೀರು ಸುರಿಯಬೇಡಿ. ಎಲ್ಲರೂ ಗಾಳಿ ಯಾವ ಕಡೆಯಿಂದ ಬರುತ್ತಿದೆಯೋ ಆ ಕಡೆಗೆ, ಎತ್ತರದ ಜಾಗಕ್ಕೆ ಸರಿಯಿರಿ. ಕ್ಲೋರಿನ್ ಗಾಳಿಗಿಂತ ಭಾರ, ತಗ್ಗಿನ ಪಂಪ್ ಕೋಣೆಯಲ್ಲೇ ಕೂರುತ್ತದೆ. 112ಕ್ಕೆ ಕರೆ ಮಾಡಿ. ಕಣ್ಣಿಗೆ ತಾಗಿದ್ದರೆ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಉಸಿರು ಕಟ್ಟಿದವರು, ಬಿಡದೆ ಕೆಮ್ಮುವವರು ಆಗಲೇ ಆರಾಮೆನಿಸಿದರೂ ಆಸ್ಪತ್ರೆಗೆ ಹೋಗಬೇಕು, ಶ್ವಾಸಕೋಶದ ತೊಂದರೆ ಕೆಲವು ಗಂಟೆ ತಡವಾಗಿ ಕಾಣಿಸಬಹುದು.

ಒಂದೊಂದು ಔಷಧಿಗೂ ಬೇರೆ ಮಗ್ಗು, ಬೇರೆ ಬಣ್ಣ, ದಾರದಿಂದ ಅದರದೇ ಡಬ್ಬಕ್ಕೆ ಕಟ್ಟಿ. ಆಸಿಡ್ ಇರುವ ಕೋಣೆಯಲ್ಲಿ ಯಾವ ಕ್ಲೋರಿನ್ನೂ ಬೇಡ. ಎರಡೂ ಸೇರಿದರೆ ಅದೇ ಅನಿಲ. ಆಸಿಡ್ ಕ್ಯಾನ್ ನೆಲದ ಮೇಲೇ ಇರಲಿ, ಕಪಾಟಿನ ಮೇಲಿಂದ ಸೋರಿದರೆ ಕೆಳಗಿನದ್ದರ ಮೇಲೆ ಬೀಳುತ್ತದೆ. ಆಸಿಡ್ ತೆಳು ಮಾಡುವಾಗ ಬಕೆಟ್ಟಿಗೆ ಮೊದಲು ನೀರು, ಆಮೇಲೆ ಆಸಿಡ್. ರಬ್ಬರ್ ಗ್ಲೌಸ್, ಕಣ್ಣು ಪೂರ್ತಿ ಮುಚ್ಚುವ ಕನ್ನಡಕ ಇಲ್ಲದೆ ಯಾವುದನ್ನೂ ಮುಟ್ಟಬೇಡಿ. ಕೊಳಕ್ಕೆ ಆಸಿಡ್ ಹಾಕಿದ ದಿನ ಕ್ಲೋರಿನ್ ಹಾಕುವುದಿದ್ದರೆ ನಡುವೆ ಪಂಪ್ ಕನಿಷ್ಠ ಒಂದೆರಡು ಗಂಟೆ ಓಡಲಿ.

ಇನ್ನೊಂದು: ನೆಲಕ್ಕೆ ಚೆಲ್ಲಿದ ಟಿಸಿಸಿಎ ಪುಡಿಯನ್ನು ಗುಡಿಸಿ ಕಸದ ಬುಟ್ಟಿಗೆ ಹಾಕಬೇಡಿ. ಅಲ್ಲಿ ಬಿದ್ದಿರುವ ಎಣ್ಣೆ ಬಟ್ಟೆ, ಒದ್ದೆ ಕಾಗದದ ಜೊತೆ ಸೇರಿ ಅದು ಗಂಟೆಗಳ ನಂತರ ಹೊತ್ತಿಕೊಳ್ಳುತ್ತದೆ. ಪುಡಿ ಒಣಗಿದ್ದು ಶುದ್ಧವಾಗಿದ್ದರೆ ಒಣ ಪ್ಲಾಸ್ಟಿಕ್ ಮೊರದಲ್ಲಿ ತೆಗೆದು, ಬಕೆಟ್ ತುಂಬ ನೀರಿಗೆ ಚಿಟಿಕೆ ಚಿಟಿಕೆಯಾಗಿ ಕರಗಿಸಿ ಕೊಳಕ್ಕೇ ಸುರಿಯಿರಿ.